ನಾಲ್ಕು ಮೂಲೆ, ನಾಲ್ಕು ಎಸಳು: ಒಂದೇ ಚೌಕದಿಂದ ಕಾಗದದ ಲಿಲ್ಲಿ ಮಡಚುವ ಬಗೆ

ಒರಿಗಾಮಿಯಲ್ಲಿ ಹೂವುಗಳು ಹತ್ತಾರು. ಐದಾರು ಚೌಕಗಳನ್ನು ಅಂಟಿಸಿ ಮಾಡುವವು ಇವೆ, ಕತ್ತರಿ ಬೇಡುವವೂ ಇವೆ. ಇಲ್ಲಿ ಹೇಳುವ ಹೂವಿಗೆ ಒಂದೇ ಚೌಕ ಸಾಕು. ಹೂವು ಮಡಚಿ ಮುಗಿಯುವವರೆಗೆ ಕತ್ತರಿಯೂ ಬೇಡ, ಅಂಟೂ ಬೇಡ. ಇಂಥವರೇ ಕಟ್ಟಿದ್ದು ಎಂಬ ಹೆಸರಿಲ್ಲದೆ ಜಪಾನಿನಲ್ಲಿ ಕೈಯಿಂದ ಕೈಗೆ ಬಂದ ಹಳೆಯ ಮಾದರಿ ಇದು. ಅಲ್ಲಿ ಇದನ್ನು ಅಯಾಮೆ, ಅಂದರೆ ಐರಿಸ್ ಹೂವು ಎಂದೂ ಕರೆಯುತ್ತಾರೆ, ಯುರಿ, ಅಂದರೆ ಲಿಲ್ಲಿ ಎಂದೂ ಕರೆಯುತ್ತಾರೆ. ನಿಜವಾದ ಲಿಲ್ಲಿಗೆ ಎಸಳು ಆರು, ಕಾಗದದ ಲಿಲ್ಲಿಗೆ ನಾಲ್ಕೇ. ಚೌಕದ ಒಂದೊಂದು ಮೂಲೆಯೂ ಒಂದೊಂದು ಎಸಳಾಗುವುದೇ ಇದಕ್ಕೆ ಕಾರಣ. ಆರೇ ಬೇಕೆಂದರೆ ಆರು ಮೂಲೆಯ ಕಾಗದದಿಂದ ಶುರು ಮಾಡಬೇಕು. ಅದು ಚೌಕದ್ದು ಕೈಗೆ ಕೂತಮೇಲಿನ ಮಾತು.

ಈ ಹೂವು ಕೆಡುವುದು ಸಾಮಾನ್ಯವಾಗಿ ಕೊನೆಯಲ್ಲಿ ಅಲ್ಲ, ಮೊದಲ ಎರಡು ನಿಮಿಷದಲ್ಲಿ. ಮೊದಲ ನಾಲ್ಕು ಗೆರೆಗಳಲ್ಲಿ ಒಂದು ಮಿಲಿಮೀಟರು ತಪ್ಪಿದರೆ, ಎಂಟು ರೆಕ್ಕೆಗಳನ್ನು ಒಂದರ ಮೇಲೊಂದು ಜೋಡಿಸುವ ಹೊತ್ತಿಗೆ ಆ ತಪ್ಪು ಕಣ್ಣಿಗೆ ರಾಚುತ್ತದೆ. ಎಸಳುಗಳು ಸೊಟ್ಟಗಾಗುತ್ತವೆ, ಕೆಳಗಿನ ತುದಿ ಮೊನಚಾಗುವುದಿಲ್ಲ. ಆದ್ದರಿಂದ ಆರಂಭದ ಹಂತಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ. ಅವನ್ನು ಅವಸರದಲ್ಲಿ ದಾಟಬೇಡಿ.

ಕಾಗದ

ಮೊದಲ ಹೂವಿಗೆ ದೊಡ್ಡ ಚೌಕ ತೆಗೆದುಕೊಳ್ಳಿ. ಎ4 ಹಾಳೆಯಿಂದ ಸಿಗುವ 21 ಸೆಂ.ಮೀ. ಚೌಕ ಕಲಿಯಲು ಹೇಳಿಮಾಡಿಸಿದ್ದು. ಕೈ ಪಳಗಿದ ಮೇಲೆ 15 ಸೆಂ.ಮೀ.ಗೆ ಇಳಿಯಿರಿ, ಒರಿಗಾಮಿ ಕಾಗದವೆಂದು ಪ್ಯಾಕೆಟ್ಟಿನಲ್ಲಿ ಮಾರುವುದು ಹೆಚ್ಚಾಗಿ ಇದೇ ಅಳತೆ. 7.5 ಸೆಂ.ಮೀ.ನಲ್ಲೂ ಈ ಹೂವು ಬರುತ್ತದೆ, ಆದರೆ ಅಲ್ಲಿ ಬೆರಳಿಗಿಂತ ಚಿಮಟಕ್ಕೇ ಕೆಲಸ ಹೆಚ್ಚು.

ಕಾಗದ ತೆಳ್ಳಗಿರಬೇಕು, ಗೆರೆ ಹಿಡಿಯಬೇಕು. ಏಕೆಂದರೆ ಹೂವಿನ ಕೆಳತುದಿಯಲ್ಲಿ ಕಾಗದ 16 ಪದರವಾಗುತ್ತದೆ. ಲೆಕ್ಕ ಸರಳ. ಚೌಕದ ನಟ್ಟನಡುವಿನ ಬಿಂದುವಿನ ಸುತ್ತ 360 ಡಿಗ್ರಿ ಇದೆ. ಕೊನೆಗೆ ಅದಷ್ಟೂ ಸೇರಿ 22.5 ಡಿಗ್ರಿಯ ಮೊನೆಯಾಗುತ್ತದೆ. 360ನ್ನು 22.5ರಿಂದ ಭಾಗಿಸಿದರೆ 16. ಜೆರಾಕ್ಸಿಗೆ ಬಳಸುವ 75–80 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಹಾಳೆ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ, ಹಾಗಾಗಿ ತುದಿಯ ದಪ್ಪ ಒಂದೂವರೆ ಮಿಲಿಮೀಟರಿಗೂ ಮಿಕ್ಕುತ್ತದೆ. 21 ಸೆಂ.ಮೀ. ಚೌಕದಲ್ಲಿ ಇದು ನಡೆಯುತ್ತದೆ. 15 ಸೆಂ.ಮೀ.ಗೆ 60–70 ಜಿಎಸ್ಎಂ ಕಾಗದವೇ ಹಿತ. ಚಾರ್ಟ್ ಪೇಪರ್, ಡ್ರಾಯಿಂಗ್ ಶೀಟ್ ಬೇಡವೇ ಬೇಡ. ಮಡಿಕೆಯಲ್ಲಿ ಬಣ್ಣ ಒಡೆದು ನಾರು ಎದ್ದು ಕಾಣುತ್ತದೆ. ಕ್ರೇಪ್ ಕಾಗದ ಎಳೆದಂತೆ ಹಿಗ್ಗುವುದರಿಂದ ಗೆರೆ ನಿಲ್ಲುವುದಿಲ್ಲ. ಗಾಳಿಪಟದ ತೆಳು ಕಾಗದ ಚೆನ್ನಾಗಿ ಮಡಿಯುತ್ತದೆ, ಆದರೆ ಬಿಚ್ಚಿ ಮತ್ತೆ ಮಡಚಿದರೆ ಗೆರೆಯ ಮೇಲೆಯೇ ಹರಿಯಬಹುದು. ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿ ಇರುವ ಕಾಗದ ಸಾಕು. ಈ ಮಾದರಿಯಲ್ಲಿ ಎಸಳಿನ ಹೊರಮೈ, ಒಳಮೈ ಎರಡಕ್ಕೂ ಒಂದೇ ಬದಿಯ ಬಣ್ಣ ಬರುತ್ತದೆ, ಬಿಳಿ ಕಂಡರೂ ಎಸಳಿನ ನಡುವಿನ ಸಣ್ಣ ಸೀಳಿನಲ್ಲಿ ಕೂದಲೆಳೆಯಷ್ಟು. ಎರಡೂ ಬದಿ ಬಣ್ಣವಿರುವ ದುಬಾರಿ ಕಾಗದವನ್ನು ಬೇರೆ ಮಾದರಿಗೆ ಉಳಿಸಿಕೊಳ್ಳಿ.

ಎ4ರಿಂದ ಚೌಕ ತೆಗೆಯುವಾಗ ಒಂದು ಸೂಕ್ಷ್ಮವಿದೆ. ಹಾಳೆಯ ಬಣ್ಣದ ಬದಿ ಮೇಲಿರಲಿ. ಗಿಡ್ಡ ಅಂಚನ್ನು ಉದ್ದ ಅಂಚಿನ ಮೇಲೆ ತಂದು ಓರೆಯಾಗಿ ಮಡಚಿ, ಮಿಕ್ಕ 8.7 ಸೆಂ.ಮೀ. ಪಟ್ಟಿಯನ್ನು ಕತ್ತರಿಸಿ. ಹೀಗೆ ಮಾಡುವಾಗ ಬಣ್ಣ ಒಳಗೆ ಹೋಗಿರುತ್ತದೆ, ಹಾಗಾಗಿ ಮೊದಲ ಹಂತಕ್ಕೆ ಬೇಕಾದ ಓರೆ ಗೆರೆ ಸರಿಯಾದ ಬದಿಯಲ್ಲೇ ಬಿದ್ದಿರುತ್ತದೆ. ಬಿಳಿ ಬದಿಯನ್ನು ಒಳಗಿಟ್ಟು ಮಡಚಿದ್ದರೆ ಅದೇ ಗೆರೆಯನ್ನು ತಿರುವಿ ಮತ್ತೆ ಮಡಚಬೇಕಾಗುತ್ತದೆ. ತಿರುವಿದ ಗೆರೆ ಎಂದಿಗೂ ಮೊದಲಿನಷ್ಟು ಚೂಪಾಗುವುದಿಲ್ಲ.

ಅಂಗಡಿಯಿಂದ ತಂದ ಚೌಕವನ್ನೂ ನಂಬಿ ಕೂರಬೇಡಿ. ಓರೆಯಾಗಿ ಒಮ್ಮೆ ಮಡಚಿ ನೋಡಿ. ಎರಡು ಅಂಚುಗಳೂ ಉದ್ದಕ್ಕೂ ಒಂದಾಗಿ ಕೂರಬೇಕು. ಎಲ್ಲಾದರೂ ಒಂದು ಮಿಲಿಮೀಟರು ಹೊರಗಿಣುಕಿದರೆ ಅದು ಚೌಕವಲ್ಲ. ಸ್ಕೇಲಿಟ್ಟು ಸರಿಪಡಿಸಿ, ಇಲ್ಲವೇ ಬೇರೆ ಹಾಳೆ ತೆಗೆದುಕೊಳ್ಳಿ.

ಮೊದಲ ನಾಲ್ಕು ಗೆರೆ

ಚಿತ್ರ ನೋಡಿ ಮಡಚುವವರಿಗೆ ಎರಡು ಮಾತು ಗೊತ್ತಿರಲಿ. ವ್ಯಾಲಿ ಫೋಲ್ಡ್ ಎಂದರೆ ಗೆರೆ ತಗ್ಗಿನಲ್ಲಿ ಕೂತು ಎರಡು ಬದಿ ಮೇಲೇಳುವ ಮಡಿಕೆ. ಮೌಂಟನ್ ಫೋಲ್ಡ್ ಎಂದರೆ ಗೆರೆ ಏಣಿನಂತೆ ಎದ್ದು ಎರಡು ಬದಿ ಕೆಳಗಿಳಿಯುವ ಮಡಿಕೆ. ಬಿಡಿ ಗೀಟುಗಳ ಸಾಲು ಮೊದಲನೆಯದನ್ನು, ಗೀಟು-ಚುಕ್ಕಿಗಳ ಸಾಲು ಎರಡನೆಯದನ್ನು ತೋರಿಸುತ್ತದೆ. ಇಂದು ಜಗತ್ತಿನ ಎಲ್ಲೆಡೆ ಓದಲು ಬರುವ ಈ ಗುರುತುಗಳಿಗೆ ಬುನಾದಿ ಹಾಕಿದವರು ಜಪಾನಿನ ಅಕಿರಾ ಯೊಶಿಜಾವ (1911–2005).

ಬಣ್ಣದ ಬದಿ ಮೇಲಿಟ್ಟು, ಎದುರುಬದುರು ಮೂಲೆಗಳನ್ನು ಸೇರಿಸಿ ಓರೆಯಾಗಿ ಮಡಚಿ, ಬಿಚ್ಚಿ. ಇನ್ನೊಂದು ಓರೆಯಲ್ಲೂ ಮಡಚಿ, ಬಿಚ್ಚಿ. ಈಗ ಕಾಗದ ಮಗುಚಿ, ಬಿಳಿ ಬದಿ ಮೇಲೆ ಬರಲಿ. ಅಂಚಿಗೆ ಅಂಚು ಸೇರಿಸಿ ಪುಸ್ತಕದಂತೆ ಅರ್ಧಕ್ಕೆ ಮಡಚಿ, ಬಿಚ್ಚಿ. ಕಾಗದವನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ದಿಕ್ಕಿಗೂ ಹಾಗೆಯೇ ಮಾಡಿ.

ಮಡಚುವಾಗ ಕೈಗೆ ಒಂದು ಕ್ರಮ ಕಲಿಸಿ. ಮೊದಲು ಮೂಲೆಗಳನ್ನು ಸೇರಿಸಿ ಒಂದು ಬೆರಳಿನಿಂದ ಅದುಮಿ ಹಿಡಿಯಿರಿ, ಆಮೇಲೆ ಮಡಿಕೆಯ ನಡುವನ್ನು ಒತ್ತಿ, ಅಲ್ಲಿಂದ ಎರಡು ತುದಿಗಳ ಕಡೆಗೆ ತೀಡಿ. ಒಂದು ತುದಿಯಿಂದ ಇನ್ನೊಂದು ತುದಿಗೆ ತೀಡಿಕೊಂಡು ಹೋದರೆ ಕಾಗದ ಸರಿದು ಗೆರೆ ಡೊಂಕಾಗುತ್ತದೆ. ಗಟ್ಟಿ ನೆಲದ ಮೇಲೆ ಅಥವಾ ಮೇಜಿನ ಮೇಲೆ ಇಟ್ಟೇ ಮಡಚಿ, ಗಾಳಿಯಲ್ಲಿ ಹಿಡಿದು ಬೇಡ. ಗೆರೆಯ ಮೇಲೆ ಒಮ್ಮೆ ಉಗುರೆಳೆಯಿರಿ, ಇಲ್ಲವೇ ಚಮಚದ ಬೆನ್ನಿನಿಂದ ಉಜ್ಜಿ.

ನಾಲ್ಕೂ ಗೆರೆ ನಡುವಿನ ಒಂದೇ ಬಿಂದುವಿನಲ್ಲಿ ಹಾಯಬೇಕು. ಸೂಜಿಮೊನೆಯಷ್ಟು ಜಾಗದಲ್ಲಿ ಹಾದರೆ ಸರಿ. ಅಲ್ಲಿ ಚಿಕ್ಕ ತ್ರಿಕೋನವೊಂದು ಕಂಡರೆ ಯಾವುದೋ ಗೆರೆ ಜಾರಿದೆ ಎಂದರ್ಥ. ಆ ಕಾಗದವನ್ನು ಅಭ್ಯಾಸಕ್ಕೆ ಇಟ್ಟು, ಹೊಸದರಿಂದ ಶುರು ಮಾಡಿ. ಮುಂದೆ ಇದನ್ನು ಸರಿಮಾಡುವ ದಾರಿ ಇಲ್ಲ.

ಚೌಕದ ಬೇಸ್

ಕಾಗದ ಬಿಳಿ ಬದಿ ಮೇಲಾಗಿ, ಒಂದು ಮೂಲೆ ನಿಮ್ಮ ಕಡೆಗೆ ಇರುವಂತೆ ಇಡಿ. ಎಡ, ಬಲ ಮೂಲೆಗಳನ್ನು ಒಟ್ಟಿಗೆ ಹಿಡಿದು ಕೆಳಗಿನ ಮೂಲೆಯ ಹತ್ತಿರ ತನ್ನಿ. ಗೆರೆಗಳು ಸರಿಯಿದ್ದರೆ ಮೇಲಿನ ಮೂಲೆ ತಾನಾಗಿಯೇ ಮುಂದಕ್ಕೆ ಬಾಗುತ್ತದೆ; ಅದನ್ನೂ ಕೆಳಗಿನ ಮೂಲೆಯ ಮೇಲೆ ಕೂರಿಸಿ ಒತ್ತಿ. ಈಗ ಬಣ್ಣ ಹೊರಗಾದ ಸಣ್ಣ ಚೌಕ ಸಿಗುತ್ತದೆ. ಮುಂದಿನ ಮಡಿಕೆಗಳಿಗೆಲ್ಲ ಬುನಾದಿಯಾಗುವ ಇದೇ ಚೌಕದ ಬೇಸ್. 15 ಸೆಂ.ಮೀ. ಕಾಗದವಾದರೆ ಇದು 7.5 ಸೆಂ.ಮೀ. ಚೌಕ, ಎಡಕ್ಕೆ ಎರಡು ರೆಕ್ಕೆ, ಬಲಕ್ಕೆ ಎರಡು ರೆಕ್ಕೆ. ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಒಂದು ಬಂದಿದ್ದರೆ ಒಂದನ್ನು ಮಗುಚಿ ಹಾಕಿ.

ಚೌಕದ ಬದಲು ತ್ರಿಕೋನ ಬಂದರೆ ಗಾಬರಿ ಬೇಡ. ಓರೆ ಗೆರೆಗಳನ್ನು ಬಿಳಿ ಬದಿಯಲ್ಲೂ ನೇರ ಗೆರೆಗಳನ್ನು ಬಣ್ಣದ ಬದಿಯಲ್ಲೂ ಮಡಚಿದಾಗ ಹೀಗಾಗುತ್ತದೆ. ಬಿಚ್ಚಿ, ನಾಲ್ಕೂ ಗೆರೆಗಳನ್ನು ಆಚೀಚೆ ತಿರುವಿ ಮತ್ತೆ ಮಡಚಿ.

ಇಲ್ಲಿಂದ ಮುಂದೆ ಎರಡು ಹೆಸರು ನೆನಪಿಡಿ. ಮೂಲ ಕಾಗದದ ನಡುಬಿಂದು ಇರುವ ಮೂಲೆ ಮುಚ್ಚಿದ ತುದಿ. ಮೂಲ ಕಾಗದದ ನಾಲ್ಕು ಮೂಲೆಗಳು ಒಂದಾಗಿ ಕೂತಿರುವ, ಬೆರಳಿನಿಂದ ಬಿಡಿಸಿದರೆ ಬಿಚ್ಚಿಕೊಳ್ಳುವ ಮೂಲೆ ತೆರೆದ ತುದಿ. ಮುಚ್ಚಿದ ತುದಿ ಹೂವಿನ ತೊಟ್ಟಾಗುತ್ತದೆ, ತೆರೆದ ತುದಿ ಎಸಳಾಗುತ್ತದೆ. ಇದರಲ್ಲಿ ಒಮ್ಮೆ ಅದಲುಬದಲಾದರೆ ಮುಂದಿನ ಯಾವ ಮಡಿಕೆಯೂ ಕೂರುವುದಿಲ್ಲ. ಮರೆಯುವ ಭಯವಿದ್ದರೆ ಮುಚ್ಚಿದ ತುದಿಯ ಹತ್ತಿರ ಪೆನ್ಸಿಲಿನಿಂದ ತೆಳುವಾಗಿ ಒಂದು ಚುಕ್ಕಿ ಇಡಿ.

ರೆಕ್ಕೆಗಳನ್ನು ಚಪ್ಪಟೆ ಮಾಡುವುದು

ಮುಚ್ಚಿದ ತುದಿ ಮೇಲೆ, ತೆರೆದ ತುದಿ ನಿಮ್ಮ ಕಡೆಗೆ. ಬಲಗಡೆಯ ಮೇಲಿನ ರೆಕ್ಕೆಯನ್ನು ಎತ್ತಿ, ಮೇಜಿಗೆ ನೇರವಾಗಿ ನಿಲ್ಲಿಸಿ. ಅದು ಒಳಗೆ ಟೊಳ್ಳಾದ ಜೇಬಿನಂತಿದೆ. ಕೆಳಗಿನ ತೆರೆದ ಬಾಯಿಯಿಂದ ಬೆರಳನ್ನೋ ಪೆನ್ಸಿಲನ್ನೋ ತೂರಿಸಿ ಜೇಬನ್ನು ಅಗಲಿಸಿ, ಎದ್ದುನಿಂತ ಏಣನ್ನು ನಿಧಾನವಾಗಿ ಕೆಳಗೊತ್ತಿ, ಅದು ಮುಚ್ಚಿದ ತುದಿಯಿಂದ ತೆರೆದ ತುದಿಗೆ ಹೋಗುವ ನಡುಗೆರೆಯ ಮೇಲೆ ಸರಿಯಾಗಿ ಬರುವಂತೆ ಚಪ್ಪಟೆ ಮಾಡಿ. ಇದೇ ಸ್ಕ್ವಾಷ್ ಫೋಲ್ಡ್.

ಅಂಚುಗಳನ್ನು ಗಟ್ಟಿಯಾಗಿ ತೀಡುವ ಮೊದಲು ಎರಡು ನೋಡಿಕೊಳ್ಳಿ. ಮೊದಲನೆಯದು, ರೆಕ್ಕೆಯ ಏಣು ಕೆಳಗಿನ ಚೌಕದ ಕರ್ಣದ ಮೇಲೆ ಇದೆಯೇ? ಎರಡನೆಯದು, ಗಾಳಿಪಟದ ಆಕಾರದ ಮೇಲೆ ಅಡ್ಡಲಾಗಿ ಒಂದು ಬಿಡಿ ಅಂಚು ಕಾಣುತ್ತದಲ್ಲ, ಅದು ಸ್ಕೇಲಿಟ್ಟಂತೆ ನೇರವಾಗಿದೆಯೇ? 15 ಸೆಂ.ಮೀ. ಕಾಗದದಲ್ಲಿ ಆ ಅಡ್ಡ ಅಂಚು ಮುಚ್ಚಿದ ತುದಿಯಿಂದ 7.5 ಸೆಂ.ಮೀ. ಕೆಳಗಿರುತ್ತದೆ, ಸುಮಾರು 6.2 ಸೆಂ.ಮೀ. ಉದ್ದವಿರುತ್ತದೆ. ಅದು ಓರೆಯಾಗಿ ಕಂಡರೆ ಏಣು ಒಂದು ಕಡೆಗೆ ಸರಿದಿದೆ. ಈಗಲೇ ಸರಿಪಡಿಸಿ. ಗೆರೆ ಗಟ್ಟಿಯಾದ ಮೇಲೆ ಕಾಗದ ಹಳೆಯ ಗೆರೆಯ ಕಡೆಗೇ ಎಳೆಯುತ್ತದೆ.

ಕಾಗದವನ್ನು ಹಿಂದೆ ತಿರುಗಿಸಿ, ಬಲಗಡೆಯ ಮೇಲಿನ ರೆಕ್ಕೆಗೆ ಇದನ್ನೇ ಮಾಡಿ. ಆಮೇಲೆ ಪುಸ್ತಕದ ಹಾಳೆ ತಿರುವಿದಂತೆ ಎಡಗಡೆಯ ಮೇಲಿನ ಕಿರಿದಾದ ರೆಕ್ಕೆಯನ್ನು ಬಲಕ್ಕೆ ಮಗುಚಿ. ಅದರಡಿ ಇನ್ನೂ ಮುಟ್ಟದ ಅಗಲವಾದ ರೆಕ್ಕೆ ಸಿಗುತ್ತದೆ. ಅದನ್ನೂ, ಹಿಂಬದಿಯ ಅದರ ಜೋಡಿಯನ್ನೂ ಚಪ್ಪಟೆ ಮಾಡಿ. ನಾಲ್ಕೂ ಮುಗಿದಾಗ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಕಿರಿದಾದ ರೆಕ್ಕೆಗಳಿರಬೇಕು. ಎಣಿಸಿ ನೋಡದೆ ಮುಂದೆ ಹೋಗಬೇಡಿ. ಮೂರು–ಐದು ಆಗಿದ್ದರೆ ಒಂದನ್ನು ಆ ಕಡೆಗೆ ಮಗುಚಿದರಾಯಿತು. ಅಗಲವಾದ ರೆಕ್ಕೆಯೊಂದು ಉಳಿದಿದ್ದರೆ ಅದನ್ನು ಬಿಟ್ಟುಬಿಟ್ಟಿದ್ದೀರಿ.

ಪೆಟಲ್ ಫೋಲ್ಡ್

ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಮಡಿಕೆ ನಿಜಕ್ಕೂ ಕಷ್ಟದ್ದಲ್ಲ. ಮೊದಲೇ ಗೆರೆ ಹಾಕಿಕೊಳ್ಳದೆ ನೇರವಾಗಿ ಎಳೆಯಲು ಹೋದರೆ ಮಾತ್ರ ಕಷ್ಟ.

ಮುಚ್ಚಿದ ತುದಿ ಇನ್ನೂ ಮೇಲೆಯೇ ಇರಲಿ. ಎದುರಿಗಿರುವ ಗಾಳಿಪಟದ ಆಕಾರದಲ್ಲಿ, ತೆರೆದ ತುದಿಗೆ ತಾಗಿರುವ ಕೆಳಗಿನ ಎರಡು ಗಿಡ್ಡ ಅಂಚುಗಳನ್ನು ನೋಡಿ. ಬಲಗಡೆಯದನ್ನು ಮೇಲಿನ ರೆಕ್ಕೆಯಷ್ಟೇ ಹಿಡಿದು ನಡುಗೆರೆಗೆ ತಂದು ಮಡಚಿ, ಎಡಗಡೆಯದನ್ನೂ ಹಾಗೆಯೇ. ಎರಡನ್ನೂ ಚೆನ್ನಾಗಿ ತೀಡಿ, ಬಿಚ್ಚಿ. ತೆರೆದ ತುದಿಯಿಂದ ಹೊರಟು ಎಡಬಲಕ್ಕೆ ಏರುವ ಎರಡು ಗೆರೆಗಳು ಉಳಿಯುತ್ತವೆ. ಇವೇ ನಿಮ್ಮ ದಾರಿ.

ಈಗ ಒಂದು ಕೈಯ ಹೆಬ್ಬೆರಳಿನಿಂದ ಕೆಳಗಿನ ಪದರಗಳನ್ನು ಅದುಮಿ ಹಿಡಿದು, ಇನ್ನೊಂದು ಕೈಯಿಂದ ಅಡ್ಡ ಅಂಚಿನ ನಡುಭಾಗವನ್ನು ಮೇಲೆತ್ತಿ ಮುಚ್ಚಿದ ತುದಿಯ ಕಡೆಗೆ ಎಳೆಯಿರಿ. ಎಳೆದಂತೆ ಎರಡು ಪಕ್ಕಗಳು, ಈಗಷ್ಟೇ ಹಾಕಿದ ಗೆರೆಗಳಲ್ಲಿ, ಒಳಕ್ಕೆ ಮಡಿಯತೊಡಗುತ್ತವೆ. ಒಂದೇ ಸಲಕ್ಕೆ ಮೇಲಕ್ಕೆ ಎಳೆದುಬಿಡಬೇಡಿ. ಪಕ್ಕಗಳು ಅಲುಗಿದ ಕೂಡಲೇ ನಿಲ್ಲಿಸಿ, ಎರಡರ ಅಂಚುಗಳನ್ನೂ ನಡುಗೆರೆಗೆ ತಂದು ಕೂರಿಸಿ, ತೆರೆದ ತುದಿಯ ಕಡೆಯಿಂದ ಮೇಲಕ್ಕೆ ಚಪ್ಪಟೆ ಮಾಡುತ್ತ ಬನ್ನಿ. ಅಡ್ಡ ಮಡಿಕೆ ತಾನಾಗಿಯೇ ಬೀಳುತ್ತದೆ. ಸರಿಯಾಗಿ ಬಿದ್ದರೆ ಅದು ಮುಚ್ಚಿದ ತುದಿಗೂ ತೆರೆದ ತುದಿಗೂ ಸಮದೂರದಲ್ಲಿರುತ್ತದೆ, 15 ಸೆಂ.ಮೀ. ಕಾಗದದಲ್ಲಿ ಎರಡರಿಂದಲೂ 5.3 ಸೆಂ.ಮೀ. ಮೇಲೆತ್ತಿದ ಚಿಕ್ಕ ತ್ರಿಕೋನದ ಮೊನೆ ನಡುಗೆರೆಯ ಮೇಲೆ, ಮುಚ್ಚಿದ ತುದಿಯಿಂದ ಸುಮಾರು 3.1 ಸೆಂ.ಮೀ. ದೂರಕ್ಕೆ ಬರುತ್ತದೆ.

ಪಕ್ಕಗಳು ಉಬ್ಬಿಕೊಂಡೇ ಇದ್ದರೆ ಮೊದಲೇ ಹಾಕಿದ ಗೆರೆ ಮೇಲಿನವರೆಗೆ ಹೋಗಿಲ್ಲ. ಬಿಚ್ಚಿ, ಗೆರೆಯನ್ನು ರೆಕ್ಕೆಯ ಹೊರ ಅಂಚಿನ ತನಕ ತೀಡಿ. ಅಡ್ಡ ಮಡಿಕೆ ಓರೆಯಾಗುತ್ತಿದ್ದರೆ, ಇಂಕು ಮುಗಿದ ಬಾಲ್ ಪೆನ್ನಿನಿಂದ 5.3 ಸೆಂ.ಮೀ. ಜಾಗದಲ್ಲಿ ಮೇಲಿನ ಪದರದ ಮೇಲೆ ಸ್ಕೇಲಿಟ್ಟು ಒಂದು ಒಣ ಗೀಟು ಎಳೆಯಿರಿ. ಕಾಗದ ಅಲ್ಲಿಯೇ ಮಡಿಯುತ್ತದೆ.

ಇನ್ನು ಆ ಚಿಕ್ಕ ತ್ರಿಕೋನವನ್ನು ಅಡ್ಡ ಮಡಿಕೆಯ ಮೇಲೆ ಮಗುಚಿ, ಮೊನೆ ತೆರೆದ ತುದಿಯ ಕಡೆಗೆ ಮುಖ ಮಾಡಲಿ. ಇದನ್ನು ಮರೆತು ಮುಂದೆ ಹೋದರೆ ತ್ರಿಕೋನ ತೊಟ್ಟಿನ ಕಡೆ ಸೇರಿಕೊಂಡು, ಮೊದಲೇ ದಪ್ಪವಾಗುವ ಜಾಗವನ್ನು ಇನ್ನಷ್ಟು ದಪ್ಪ ಮಾಡುತ್ತದೆ.

ಇಷ್ಟನ್ನು ಉಳಿದ ಮೂರು ಮುಖಗಳಿಗೂ ಮಾಡಿ. ಕೊನೆಗೆ ಎರಡು ತುದಿಗಳೂ ಒಂದೇ ಬಗೆಯಲ್ಲಿ ಚೂಪಾದ, 10.6 ಸೆಂ.ಮೀ. ಉದ್ದ, 4.4 ಸೆಂ.ಮೀ. ಅಗಲದ ವಜ್ರಾಕೃತಿ ಕೈಯಲ್ಲಿರುತ್ತದೆ. ಒರಿಗಾಮಿಯವರು ಇದನ್ನು ಫ್ರಾಗ್ ಬೇಸ್ ಎನ್ನುತ್ತಾರೆ, ಜಪಾನಿನ ಹಳೆಯ ಕಪ್ಪೆಯೂ ಇದರಿಂದಲೇ ಹುಟ್ಟುವುದರಿಂದ ಆ ಹೆಸರು. 21 ಸೆಂ.ಮೀ. ಚೌಕದಿಂದ ಮಡಚುತ್ತಿರುವವರು ಇಲ್ಲಿ ಕೊಟ್ಟ ಎಲ್ಲ ಅಳತೆಗಳನ್ನೂ 1.4ರಿಂದ ಗುಣಿಸಿಕೊಳ್ಳಿ.

ನಯವಾದ ಮುಖ, ಸಣ್ಣಗಿನ ತೊಟ್ಟು

ಈಗ ವಜ್ರಾಕೃತಿಯನ್ನು ತಲೆಕೆಳಗು ಮಾಡಿ. ಮುಚ್ಚಿದ ತುದಿ ನಿಮ್ಮ ಕಡೆಗೆ, ತೆರೆದ ತುದಿ ಮೇಲೆ. ಎದುರಿನ ಮುಖದಲ್ಲಿ ಚಿಕ್ಕ ತ್ರಿಕೋನ ಕಾಣುತ್ತಿದೆ. ಒಂದು ರೆಕ್ಕೆಯನ್ನು ಬಲದಿಂದ ಎಡಕ್ಕೆ ಮಗುಚಿ, ಹಿಂದೆ ತಿರುಗಿಸಿ ಅಲ್ಲಿಯೂ ಒಂದನ್ನು ಬಲದಿಂದ ಎಡಕ್ಕೆ ಮಗುಚಿ. ತ್ರಿಕೋನಗಳು ಒಳಗಡಗಿ, ಯಾವ ಸೀಳೂ ಇಲ್ಲದ ನಯವಾದ ಮುಖ ಎದುರಿಗೆ ಬರುತ್ತದೆ. ಒಟ್ಟು ಎಂಟು ಮುಖಗಳಲ್ಲಿ ನಾಲ್ಕು ತ್ರಿಕೋನದವು, ನಾಲ್ಕು ನಯವಾದವು. ಒಂದು ಬಿಟ್ಟು ಒಂದು. ನಮ್ಮ ಕೆಲಸ ನಯವಾದವುಗಳ ಮೇಲೆ ಮಾತ್ರ.

ನಯವಾದ ಮುಖದ ಕೆಳಗಿನ ಎರಡು ಅಂಚುಗಳನ್ನು, ಅಂದರೆ ಮುಚ್ಚಿದ ತುದಿಗೆ ತಾಗಿರುವವನ್ನು, ನಡುಗೆರೆಗೆ ತಂದು ಮಡಚಿ. ನಡುಗೆರೆಗೆ ತೀರಾ ಒತ್ತಿ ತರಬೇಡಿ. ಎರಡರ ನಡುವೆ ಅರ್ಧ ಮಿಲಿಮೀಟರು ಸಂದು ಇರಲಿ. ಪದರಗಳು ಹೆಚ್ಚಿರುವಲ್ಲಿ ಪ್ರತಿ ಮಡಿಕೆಯೂ ತನ್ನ ದಪ್ಪಕ್ಕೆ ಸ್ವಲ್ಪ ಜಾಗ ಕೇಳುತ್ತದೆ. ಅದನ್ನು ಕೊಡದಿದ್ದರೆ ಅಂಚುಗಳು ಒಂದರ ಮೇಲೊಂದು ಹತ್ತಿ, ಮುಂದೆ ರೆಕ್ಕೆ ಮಗುಚುವಾಗ ತೊಟ್ಟು ತಿರುಚಿಕೊಳ್ಳುತ್ತದೆ. ಸಂದು ಕೊಟ್ಟರೆ ಮೊನೆ ಸೂಜಿಯಂತೆ ಬರುತ್ತದೆ.

ಹಿಂದೆ ತಿರುಗಿಸಿ ಅಲ್ಲಿಯೂ ಮಾಡಿ. ಇನ್ನು ಉಳಿದ ಎರಡು ನಯವಾದ ಮುಖಗಳನ್ನು ತಲುಪಲು ಎದುರಿನಲ್ಲಿ ಎರಡು ರೆಕ್ಕೆ, ಹಿಂದೆ ಎರಡು ರೆಕ್ಕೆ ಮಗುಚಬೇಕು. ಒಂದೇ ಮಗುಚಿದರೆ ಸಿಗುವುದು ತ್ರಿಕೋನದ ಮುಖ. ಕೊನೆಯ ಮುಖದ ಹೊತ್ತಿಗೆ ಕಾಗದ ದಪ್ಪವಾಗಿ ಜಾರುತ್ತದೆ. ಆಗ ಉಳಿದ ರೆಕ್ಕೆಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿದಿಟ್ಟು, ಬೇಕಾದ ಎರಡು ರೆಕ್ಕೆಗಳನ್ನಷ್ಟೇ ಬಿಡಿಸಿ ಮಡಚಿ. ತೀಡಲು ಉಗುರು ಸಾಲದಿದ್ದರೆ ಸ್ಕೇಲಿನ ಅಂಚು ಬಳಸಿ.

ಎಸಳು

ಮಡಚಿದ ಅಂಚುಗಳು ನಡುಗೆರೆಯಲ್ಲಿ ಜೊತೆಯಾಗಿ ಬಂದು ಮುಗಿಯುವುದು ತೊಟ್ಟಿನ ತುದಿಯಿಂದ ಸುಮಾರು 5.7 ಸೆಂ.ಮೀ. ಎತ್ತರದಲ್ಲಿ. ಅದಕ್ಕಿಂತ ಅರ್ಧ–ಮುಕ್ಕಾಲು ಸೆಂಟಿಮೀಟರು ಮೇಲೆ, ಎದುರಿನ ಎಸಳಿನ ತುದಿಯನ್ನು ಹಿಡಿದು ನಿಮ್ಮ ಕಡೆಗೆ ಕೆಳಕ್ಕೆ ಬಾಗಿಸಿ. ಎಸಳು ನಾಲ್ಕು ಸೆಂಟಿಮೀಟರಿಗಿಂತ ತುಸು ಉದ್ದವಾಗುತ್ತದೆ. ಈ ಒಂದು ಮಡಿಕೆಗೆ ಉಗುರು ತಾಗಿಸಬೇಡಿ. ಇಷ್ಟು ಹೊತ್ತು ಬೇಡಿದ ಚೂಪು ಗೆರೆ ಇಲ್ಲಿ ಬೇಡ. ಬೆರಳ ತುದಿಯಿಂದ ಮೆತ್ತಗೆ ಒತ್ತಿದರೆ ಸಾಕು. ಇಲ್ಲಿ ಗೆರೆ ಚೂಪಾದರೆ ಎಸಳು ಮುರಿದು ಜೋತಂತೆ ಕಾಣುತ್ತದೆ, ಅರಳಿದಂತೆ ಕಾಣುವುದಿಲ್ಲ.

ಮೊದಲು ಎದುರುಬದುರಿನ ಎರಡು, ಆಮೇಲೆ ಉಳಿದ ಎರಡು. ಅಕ್ಕಪಕ್ಕದವನ್ನು ಸಾಲಾಗಿ ಬಿಡಿಸಿದರೆ ಕಾಗದ ಒಂದೇ ಕಡೆಗೆ ಎಳೆದು ಹೂವಿನ ಬಾಯಿ ವಾರೆಯಾಗುತ್ತದೆ. ನಾಲ್ಕೂ ಬಾಗಿದ ಮೇಲೆ ಹೂವಿನ ಬಾಯೊಳಗೆ ಪೆನ್ಸಿಲಿನ ಹಿಂತುದಿ ಹಾಕಿ ಮೆಲ್ಲನೆ ತಿರುಗಿಸಿ. ಒಳಭಾಗ ದುಂಡಾಗಿ, ಎಸಳುಗಳ ನಡುವೆ ಅಡಗಿದ ಚಿಕ್ಕ ತ್ರಿಕೋನಗಳು ಸಡಿಲಗೊಳ್ಳುತ್ತವೆ.

ಇನ್ನು ಸುರುಳಿ. ಪೆನ್ಸಿಲನ್ನು ಎಸಳಿನ ತುದಿಯ ಹೊರಮೈಗೆ ಅಡ್ಡಲಾಗಿ ಇಟ್ಟು, ತುದಿಯನ್ನು ಅದರ ಸುತ್ತ ಎರಡು ಸುತ್ತು ಬಿಗಿಯಾಗಿ ಸುತ್ತಿ, ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ತುದಿ ಹೊರಮುಖವಾಗಿ, ತೊಟ್ಟಿನ ಕಡೆಗೆ ಸುರುಳಿಯಾಗಬೇಕು. ಎಸಳಿನ ನಡುವಿನ ಸೀಳು ಇದರಿಂದ ಬಾಯಿಬಿಟ್ಟು ಬಿಳಿ ಕಂಡರೆ, ಎಸಳನ್ನು ಉದ್ದುದ್ದ ನಡುವೆ ಬೆರಳಿನಲ್ಲಿ ಒಮ್ಮೆ ಚಿವುಟಿ; ಸೀಳು ಮುಚ್ಚಿ ಎಸಳಿಗೆ ನಡುನರದಂತಹ ಒಂದು ಏಣು ಬರುತ್ತದೆ. ಐರಿಸ್ ಎಂದು ಮಾಡುವವರು ಸುರುಳಿ ಸುತ್ತದೆ ಎಸಳುಗಳನ್ನು ಅಗಲವಾಗಿ ಇಳಿಬಿಟ್ಟರೂ ಚೆನ್ನ. ನೇರಳೆ ಕಾಗದಕ್ಕೆ ಅದೇ ಒಪ್ಪುತ್ತದೆ.

ಕಡ್ಡಿಗೆ ಕೂರಿಸುವುದು

ಹೂವನ್ನು ಹಾಗೆಯೇ ತೋರಣಕ್ಕೆ ಪೋಣಿಸುವುದಾದರೆ ದಪ್ಪ ಸೂಜಿಯನ್ನು ತೊಟ್ಟಿನ ತುದಿಗೆ ಅಡ್ಡವಾಗಿ ಚುಚ್ಚಬೇಡಿ, 16 ಪದರದಲ್ಲಿ ಸೂಜಿ ಬಾಗುತ್ತದೆ. ಬಾಯಿಯ ಕಡೆಯಿಂದ ಒಳಕ್ಕೆ ಇಳಿಸಿ ತುದಿಯಲ್ಲಿ ಹೊರತನ್ನಿ, ದಾರಕ್ಕೆ ಒಳಗಡೆ ಒಂದು ಮಣಿ ಕಟ್ಟಿ.

ದಂಟಿಗೆ ತೆಂಗಿನ ಗರಿಯ ಪೊರಕೆ ಕಡ್ಡಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಗುರ, ತುಸು ಬಾಗುತ್ತದೆ, ಒಂದು ತುದಿಗೆ ತಾನಾಗಿಯೇ ಸಣ್ಣಗಾಗುತ್ತದೆ. ತೊಟ್ಟಿನ ಮೊನೆಯನ್ನು ಕತ್ತರಿಯಿಂದ ಎರಡು ಮಿಲಿಮೀಟರಿನಷ್ಟು ಮಾತ್ರ ಕತ್ತರಿಸಿ. ಹೆಚ್ಚು ಕತ್ತರಿಸಿದರೆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಕಡ್ಡಿಯ ಸಣ್ಣ ತುದಿಯನ್ನು ಹೂವಿನ ಬಾಯಿಯಿಂದ ಇಳಿಸಿ ಕೆಳಗೆ ಎಳೆಯಿರಿ; ದಪ್ಪ ತುದಿ ಹೂವಿನೊಳಗೆ ಸಿಕ್ಕಿ ನಿಲ್ಲುವ ಜಾಗದಲ್ಲಿ ಒಂದು ಹನಿ ಫೆವಿಕಾಲ್ ಹಾಕಿ, ಅರ್ಧ ಗಂಟೆ ತಲೆಕೆಳಗಾಗಿ ನೇತುಹಾಕಿ. ಅಂಟು ಹೆಚ್ಚಾದರೆ ಕಾಗದ ನೆನೆದು ಮಡಿಕೆ ಸಡಿಲವಾಗುತ್ತದೆ. ಕಡ್ಡಿಗೆ ಹಸಿರು ಕ್ರೇಪ್ ಕಾಗದದ ಒಂದು ಸೆಂಟಿಮೀಟರು ಅಗಲದ ಪಟ್ಟಿಯನ್ನು ಓರೆಯಾಗಿ, ಸ್ವಲ್ಪ ಎಳೆದು ಹಿಡಿದು ಸುತ್ತಿ. ಮಡಚಲು ಬಾರದ ಆ ಕಾಗದ ಸುತ್ತಲು ಬಲು ಚೆನ್ನ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯ ಮನೆಗಳಲ್ಲಿ, ಕಾಗದ ಗಾಳಿಯ ತೇವ ಹೀರಿ ಎರಡೇ ದಿನದಲ್ಲಿ ಎಸಳಿನ ಸುರುಳಿ ಬಿಚ್ಚಿಕೊಳ್ಳಬಹುದು. ಮಡಚುವ ಹಿಂದಿನ ರಾತ್ರಿ ಕಾಗದವನ್ನು ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಹಿಡಿ ಒಣ ಅಕ್ಕಿಯೊಂದಿಗೆ ಇಡಿ, ಅಕ್ಕಿ ತಾಗದಂತೆ ನಡುವೆ ಒಂದು ಬಟ್ಟೆ ಹಾಸಿ. ಮಡಚಿದ ಮೇಲೆ ಸುರುಳಿಯ ಜಾಗಕ್ಕೆ ಮಾತ್ರ, ಫೆವಿಕಾಲನ್ನು ಅದರ ಎರಡು ಪಾಲು ನೀರಿನಲ್ಲಿ ಕದಡಿ, ಎಸಳಿನ ಒಳಮೈಗೆ ಬ್ರಷ್ಷಿನಿಂದ ಒಂದು ತೆಳು ಕೈ ಬಳಿದು, ಪೆನ್ಸಿಲಿಗೆ ಸುತ್ತಿಯೇ ಒಣಗಿಸಿ. ಬಣ್ಣ ಬಿಡುವ ಕಾಗದವಾದರೆ ಮೊದಲು ಕತ್ತರಿಸಿ ಮಿಕ್ಕ ಚೂರಿನ ಮೇಲೆ ಬಳಿದು ನೋಡಿ.